ಅಕ್ಕನ ಅಮೃತಬಳ್ಳಿ

ಸುಮಾರು ಮೂವತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಂಡು ಬಂದವನು ನಾನು. ಮನುಷ್ಯನ ದೇಹದಲ್ಲಿ ಅತಿ ದೊಡ್ಡ ಗ್ರಂಥಿ ಯಾವುದು ಎಂದರೆ ಹಿಂದಿನ ಬೆಂಚಿನ ಹುಡುಗನೂ ನಿದ್ದೆಗಣ್ಣಿನಲ್ಲೇ ‘ಪಿತ್ತಜನಕಾಂಗ ಸಾರ್’ ಎನ್ನುತ್ತಾನೆ. ಒಂದು ಅಂಕದ ಪ್ರಶ್ನೆ. ಆ ಒಂದು ಅಂಕದ ಅಂಗ ನನ್ನ ಹೊಟ್ಟೆಯೊಳಗೂ ಇದೆ ಎನ್ನುವುದು ನನಗೆ ನಿಜವಾಗಿ ಗೊತ್ತಾದದ್ದು 2019ರಲ್ಲಿ, ಐವತ್ತರ ಹೊಸ್ತಿಲಲ್ಲಿ.

ಬಲಪಕ್ಕೆಯಲ್ಲಿ ನೋವೆಂದು ತಿಪಟೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದೆ. ಕಿಡ್ನಿಯಲ್ಲಿ ಕಲ್ಲಿರಬೇಕು ಎಂಬ ಅನುಮಾನ. ಕಲ್ಲು ಇರಲಿಲ್ಲ. ನೋವು ಎರಡು ದಿನದಲ್ಲಿ ತಾನೇ ಹೋಯಿತು. ಆದರೆ ರಿಪೋರ್ಟಿನ ಕೊನೆಯಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 2’ ಎಂದು ಬರೆದಿತ್ತು. ಅದನ್ನು ಟೈಪು ಮಾಡುತ್ತಿದ್ದ ಹುಡುಗಿ ತಲೆಯೆತ್ತದೆ, “ಡ್ರಿಂಕ್ಸ್ ಮಾಡ್ತೀರಾ ಅಂಕಲ್?” ಎಂದಳು. ಪಕ್ಕದಲ್ಲಿ ನನ್ನ ಮನೆಯಾಕೆ ಕುಳಿತಿದ್ದಳು. ಕಾಫಿ ಬಿಟ್ಟರೆ ನಾನು ಬೇರೇನನ್ನೂ ಕುಡಿದವನಲ್ಲ. ಆದರೂ ಬಸ್ಸು ಹತ್ತಿ ಕೂರುವವರೆಗೆ ಅವಳು ನನ್ನನ್ನು ಒಂದು ಥರ ನೋಡುತ್ತಲೇ ಇದ್ದಳು.

ನನ್ನಂಥವರ ಮರ್ಯಾದೆ ಉಳಿಸಲೋ ಏನೋ, 2023ರಲ್ಲಿ ಜಗತ್ತಿನ ಲಿವರ್ ತಜ್ಞರೆಲ್ಲ ಸೇರಿ ಈ ಕಾಯಿಲೆಯ ಹೆಸರನ್ನೇ ಬದಲಾಯಿಸಿದರು. ಮೊದಲಿನ ಹೆಸರಿನಲ್ಲಿ ‘ಮದ್ಯದಿಂದಲ್ಲದ’ ಎಂಬ ಮಾತಿತ್ತು. ಅದನ್ನು ತೆಗೆದು, ದೇಹದ ಚಯಾಪಚಯ ಏರುಪೇರಾಗಿ ಬರುವ ಕಾಯಿಲೆ ಎಂಬ ಅರ್ಥ ಬರುವಂತೆ ಮಾಡಿದರು. ಅದೇ ಸರಿ. ನನಗೆ 2014ರಿಂದ ಸಕ್ಕರೆ ಕಾಯಿಲೆ. ಟೈಪ್ 2 ಸಕ್ಕರೆ ಕಾಯಿಲೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಲಿವರಿನಲ್ಲಿ ಕೊಬ್ಬು ಸೇರಿರುತ್ತದೆ. ಇವು ಎರಡು ಕಾಯಿಲೆ ಅನ್ನುವುದಕ್ಕಿಂತ ಒಂದೇ ಮನೆಯ ಎರಡು ಬಾಗಿಲು ಅನ್ನಬಹುದು.

ಸಕ್ಕರೆಗೂ ಲಿವರಿಗೂ ಇರುವ ನಂಟನ್ನು ಮೊದಲು ಕಂಡುಹಿಡಿದವನು ಫ್ರಾನ್ಸಿನ ಕ್ಲೋಡ್ ಬರ್ನಾರ್. 1855ರಲ್ಲಿ ಅವನು ಒಂದು ಪ್ರಾಣಿಯ ಲಿವರನ್ನು ತೆಗೆದು, ಅದರ ರಕ್ತನಾಳಗಳ ಮೂಲಕ ನೀರು ಹಾಯಿಸಿ, ಒಳಗಿನ ಸಕ್ಕರೆಯೆಲ್ಲ ಹೋಗುವ ತನಕ ತೊಳೆದ. ತೊಳೆದದ್ದನ್ನು ಹಾಗೇ ಬಿಟ್ಟು ಮರುದಿನ ಪರೀಕ್ಷಿಸಿದರೆ ಅದರಲ್ಲಿ ಮತ್ತೆ ಸಕ್ಕರೆ! ಹೊರಗಿನಿಂದ ಯಾರೂ ಹಾಕಿರಲಿಲ್ಲ. ಲಿವರ್ ತನ್ನೊಳಗಿದ್ದ ದಾಸ್ತಾನನ್ನು ಒಡೆದು ತಾನೇ ಸಕ್ಕರೆ ಮಾಡಿಕೊಂಡಿತ್ತು. ಎರಡು ವರ್ಷದ ನಂತರ ಆ ದಾಸ್ತಾನನ್ನೂ ಬೇರ್ಪಡಿಸಿದ. ಅದೇ ಗ್ಲೈಕೊಜನ್. ಪಾಠದಲ್ಲಿ ಇಷ್ಟನ್ನು ಹೇಳುವಾಗ ನನಗೆ ಬಹಳ ಖುಷಿ. ಆದರೆ ‘ರಾತ್ರಿ ಒಂದೇ ಚಪಾತಿ ತಿಂದು ಮಲಗಿದ್ದೇನೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಶುಗರು 168 ಹೇಗೆ ಬಂತು?’ ಎಂದು ಗ್ಲೂಕೋಮೀಟರನ್ನು ಬೈಯುತ್ತಿದ್ದಾಗ ಅದೇ ಪಾಠ ನನಗೆ ನೆನಪಾಗಲಿಲ್ಲ ನೋಡಿ. ನಾವು ಮಲಗಿದ್ದಾಗ ಮಿದುಳಿಗೆ ಸಕ್ಕರೆ ಒದಗಿಸುವುದು ಲಿವರಿನ ಕೆಲಸ. ಇನ್ಸುಲಿನ್ ‘ಸಾಕು’ ಎಂದಾಗ ಅದು ನಿಲ್ಲಿಸಬೇಕು. ಕೊಬ್ಬು ತುಂಬಿದ ಲಿವರಿಗೆ ಆ ಮಾತು ಸರಿಯಾಗಿ ಕೇಳಿಸುವುದಿಲ್ಲ. ಬೇಡವಾದಾಗಲೂ ಸಕ್ಕರೆ ಸುರಿಯುತ್ತಲೇ ಇರುತ್ತದೆ.

ಡಾಕ್ಟರು ರಿಪೋರ್ಟು ನೋಡಿ, “ಮೇಷ್ಟ್ರೇ, ಇದಕ್ಕೆ ಮಾತ್ರೆ ಬರೆಯೋದಿಲ್ಲ. ದಿನಾ ನಡೀರಿ, ಆರೇಳು ಕೆಜಿ ಇಳಿಸಿ” ಎಂದರು. ನಾನಾಗ 78 ಕೆಜಿ ಇದ್ದೆ, ಎತ್ತರ ಐದೂವರೆ ಅಡಿ. ಮಾತ್ರೆ ಬರೆಯದ ಡಾಕ್ಟರೆಂದರೆ ನಮ್ಮ ಕಡೆ ಜನಕ್ಕೆ ಅಷ್ಟೇನೂ ನಂಬಿಕೆಯಿಲ್ಲ. ನನಗೂ ಒಳಗೊಳಗೇ ಹಾಗೇ ಅನ್ನಿಸಿತು. ನಾಲ್ಕು ದಿನ ನಡೆದೆ. ಐದನೆಯ ದಿನ ಮಳೆ. ಆರನೆಯ ದಿನ ಜನಗಣತಿಯೋ ಚುನಾವಣೆಯೋ, ಮೇಷ್ಟರಿಗೆ ನೆಪಕ್ಕೆ ಬರವೇ?

ಅಷ್ಟರಲ್ಲಿ ಸುದ್ದಿ ಅಕ್ಕನಿಗೆ ತಲುಪಿತು.

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ನಮ್ಮೂರಿನಿಂದ ನಾಲ್ಕು ಮೈಲಿ ದೂರದ ಹಳ್ಳಿಗೆ ಕೊಟ್ಟಿದೆ. ಲಿವರಿನ ವಿಷಯದಲ್ಲಿ ನನ್ನ ಬಿಎಸ್ಸಿ, ಬಿಇಡಿಗಿಂತ ತನ್ನ ಅನುಭವವೇ ದೊಡ್ಡದು ಎಂದು ಅವಳ ನಂಬಿಕೆ. ಅದಕ್ಕೆ ಕಾರಣವೂ ಉಂಟು. ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ನನಗೆ ಕಾಮಾಲೆಯಾಗಿತ್ತು. ಕಣ್ಣು, ಉಗುರು, ಉಚ್ಚೆಯೆಲ್ಲ ಅರಿಶಿನ. ಆಗ ಅಕ್ಕ ಮೂರು ದಿನ ಸೂರ್ಯ ಹುಟ್ಟುವುದಕ್ಕೆ ಮೊದಲೇ ನನ್ನನ್ನು ಬೆನ್ನಮೇಲೆ ಹೊತ್ತು ಪಕ್ಕದೂರಿನ ಅಜ್ಜಿಯೊಬ್ಬಳ ಮನೆಗೆ ಕರೆದೊಯ್ಯುತ್ತಿದ್ದಳು. ಆ ಅಜ್ಜಿ ನೆಲನೆಲ್ಲಿಯನ್ನು ಬೇರುಸಮೇತ ಅರೆದು ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಿದ್ದಳು. ಹದಿನೈದು ದಿನ ಉಪ್ಪಿಲ್ಲ, ಎಣ್ಣೆಯಿಲ್ಲ. ತಿಂಗಳಾಗುವುದರಲ್ಲಿ ನಾನು ಗೋಲಿ ಆಡುತ್ತಿದ್ದೆ. ನನ್ನ ತಮ್ಮ ಬದುಕಿದ್ದೇ ಆ ಸೊಪ್ಪಿನಿಂದ ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ.

ಮಕ್ಕಳಿಗೆ ಬರುವ ಕಾಮಾಲೆ ಬಹುಪಾಲು ಕೊಳಕು ನೀರಿನಿಂದ ಬರುವ ‘ಎ’ ವೈರಸ್ಸಿನದು. ಅದು ಔಷಧಿಯಿಲ್ಲದೆಯೂ ಕೆಲವು ವಾರಗಳಲ್ಲಿ ಬಹುತೇಕ ಎಲ್ಲರಲ್ಲೂ ತಾನಾಗಿ ವಾಸಿಯಾಗುತ್ತದೆ. ಆ ಹೊತ್ತಿನಲ್ಲಿ ಏನು ಕುಡಿಸಿದ್ದರೋ ಅದಕ್ಕೆ ಕೀರ್ತಿ. ಇದನ್ನು ನಾನು ಅಕ್ಕನಿಗೆ ಒಮ್ಮೆ ಹೇಳಿ ನೋಡಿದೆ. “ಹಂಗಾದ್ರೆ ನಾನು ನಿನ್ನ ಸುಮ್ಮನೆ ಹೊತ್ತುಕೊಂಡು ತಿರುಗಿದ್ನೇನೋ?” ಎಂದಳು. ಆಮೇಲೆ ಆ ಮಾತೆತ್ತಲಿಲ್ಲ.

ನೆಲನೆಲ್ಲಿಯನ್ನು ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ. ಹೆಪಟೈಟಿಸ್ ‘ಬಿ’ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಅದರ ಮೇಲೆ ಆಸೆ ಇಟ್ಟುಕೊಂಡಿದ್ದ. ಮದರಾಸಿನ ವಿಜ್ಞಾನಿ ತ್ಯಾಗರಾಜನ್ ಮತ್ತು ಸಂಗಡಿಗರು ಅವನ ಜೊತೆ ಸೇರಿ ನಡೆಸಿದ ಪ್ರಯೋಗ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ನೆಲನೆಲ್ಲಿ ಪುಡಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯ. ಸುಳ್ಳು ಗುಳಿಗೆ ತಿಂದ 23ರಲ್ಲಿ ಒಬ್ಬನಿಗೆ ಮಾತ್ರ. ನಮ್ಮ ಬದುವಿನ ಗಿಡಕ್ಕೆ ಅಂಥ ಮರ್ಯಾದೆ! ಆದರೆ ಮುಂದೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಬರಬಾರದು ಎಂದು ಮಕ್ಕಳಿಗೆ ಹೇಳುವಾಗ ನಾನು ಈ ಕಥೆಯನ್ನು ಉಪಯೋಗಿಸುತ್ತೇನೆ. ಅದು ‘ಬಿ’ ವೈರಸ್ಸಿನ ಮಾತು, ಕೊಬ್ಬಿನದಲ್ಲ ಎನ್ನುವುದೂ ನೆನಪಿರಬೇಕು. ಅಕ್ಕನ ಲೆಕ್ಕದಲ್ಲಿ ಲಿವರ್ ಅಂದರೆ ಒಂದೇ, ಕಾಯಿಲೆಯೂ ಒಂದೇ.

2020 ಬಂತು. ಕೊರೋನಾ. ಊರೂರಲ್ಲಿ ಕಷಾಯದ ಕಾಲ. ಅಕ್ಕನ ಹಿತ್ತಲ ಬೇವಿನ ಮರಕ್ಕೆ ಅಮೃತಬಳ್ಳಿ ಹಬ್ಬಿತ್ತು. ಹೃದಯದ ಆಕಾರದ ಎಲೆ, ಕೊಂಬೆಯಿಂದ ದಾರದ ಹಾಗೆ ಜೋತುಬಿದ್ದ ಬೇರು. ಕತ್ತರಿಸಿ ಬೇಲಿ ಮೇಲೆ ಎಸೆದರೂ ಚಿಗುರುವ ಬಳ್ಳಿ, ಅದಕ್ಕೇ ಆ ಹೆಸರಿರಬೇಕು. ಬೇವಿಗೆ ಹಬ್ಬಿದ್ದಕ್ಕೆ ಗುಣ ಹೆಚ್ಚು ಅಂತ ಬೇರೆ ಮಾತು. ಅಕ್ಕ ವಾರಕ್ಕೊಮ್ಮೆ ಮೊಮ್ಮಗನ ಕೈಲಿ ಒಂದು ಕಟ್ಟು ಕಳಿಸತೊಡಗಿದಳು. ಹೆಬ್ಬೆರಳು ಗಾತ್ರದ ಕಾಂಡವನ್ನು ಜಜ್ಜಿ, ಮೂರು ಲೋಟ ನೀರು ಒಂದು ಲೋಟಕ್ಕೆ ಇಳಿಯುವ ತನಕ ಕುದಿಸಿ ಬರಿಹೊಟ್ಟೆಯಲ್ಲಿ ಕುಡಿಯಬೇಕು. ಶುಗರಿಗೂ ಒಳ್ಳೇದು, ಲಿವರಿಗೂ ಒಳ್ಳೇದು, ಕೊರೋನಾನೂ ಹತ್ತಿರ ಬರೋದಿಲ್ಲ. ಒಂದು ಲೋಟಕ್ಕೆ ಮೂರು ಲಾಭ. ಕಹಿ ಎಂದರೆ ಅಂತಿಂಥ ಕಹಿಯಲ್ಲ, ನಾಲಿಗೆ ಮಧ್ಯಾಹ್ನದವರೆಗೂ ಮರಗಟ್ಟಿರುತ್ತಿತ್ತು. ಕಹಿಯಾದಷ್ಟೂ ನಂಬಿಕೆ ಹೆಚ್ಚು. ನಿಜ ಹೇಳಬೇಕೆಂದರೆ ಒಳಗೆ ಇನ್ನೊಂದು ಸಮಾಧಾನವೂ ಇತ್ತು. ಇದನ್ನು ಕುಡಿದರೆ ನಡೆಯದಿದ್ದರೂ ನಡೆಯುತ್ತದೆ.

ನಾನೊಬ್ಬನೇ ಕುಡಿದಿದ್ದರೆ ಈ ಕಥೆ ಹೇಳುತ್ತಲೂ ಇರಲಿಲ್ಲ. ಶಾಲೆ ಮುಚ್ಚಿತ್ತು. 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ ಶುರುವಾಗಿ ನಾವೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಮಾಡುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು ಈಶ್ವರನ ಗುಡಿಯ ಜಗಲಿ, ಹದಿನೆಂಟು ಮಕ್ಕಳು. ಒಂದು ದಿನ ಸಸ್ಯಗಳ ಪಾಠಕ್ಕೆಂದು ಅಮೃತಬಳ್ಳಿಯನ್ನು ಒಯ್ದು ಎಲೆ, ಕಾಂಡ ತೋರಿಸಿದೆ. ತೋರಿಸಿ ಸುಮ್ಮನಿದ್ದೆನೇ? “ಮನೇಲಿ ಕಷಾಯ ಮಾಡಿಸಿ ಕುಡೀರಿ, ರೋಗನಿರೋಧಕ ಶಕ್ತಿ ಬರುತ್ತೆ” ಎಂದು ಒಂದೊಂದು ತುಂಡು ಹಂಚಿದೆ. ಪುರಾವೆ ಏನು ಎಂದು ಯಾವ ಮಗುವೂ ಕೇಳಲಿಲ್ಲ. ಕೇಳಬೇಕು ಎಂದು ವರ್ಷವೆಲ್ಲ ಹೇಳಿಕೊಟ್ಟವನು ನಾನೇ.

ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಊಟ ಸೇರದು, ಕಾಫಿಯ ವಾಸನೆಗೇ ಹೊಟ್ಟೆ ತೊಳಸು. ಮೈಯೆಲ್ಲ ತುರಿಕೆ. ಕನ್ನಡಿಯಲ್ಲಿ ಕಣ್ಣು ನೋಡಿಕೊಂಡರೆ ನಾಲ್ಕನೆಯ ಕ್ಲಾಸಿನ ಹುಡುಗ ಎದುರಿಗೆ ನಿಂತ ಹಾಗಾಯಿತು. ಬಿಲಿರುಬಿನ್ 6.2. ಎಸ್‌ಜಿಪಿಟಿ 640. ಈ ಎಸ್‌ಜಿಪಿಟಿ ಲಿವರಿನ ಜೀವಕೋಶದೊಳಗೆ ಇರಬೇಕಾದ ಕಿಣ್ವ. ಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತದೆ. ಕೊಬ್ಬಿನ ಲಿವರಿನಿಂದಾಗಿ ನನಗೆ ಮೊದಲೂ 60ರ ಆಸುಪಾಸು ಇರುತ್ತಿತ್ತು. ಇದು ಅದರ ಹತ್ತು ಪಟ್ಟು. ಎ, ಬಿ, ಸಿ, ಇ ಎಲ್ಲ ವೈರಸ್ಸಿನ ಪರೀಕ್ಷೆಯಾಯಿತು, ಯಾವುದೂ ಇಲ್ಲ. ಕೊರೋನಾ ಪರೀಕ್ಷೆಯೂ ಆಯಿತು, ಅದೂ ಇಲ್ಲ.

ಡಾಕ್ಟರು ಕೇಳಿದರು. “ಶುಗರ್ ಮಾತ್ರೆ ಬಿಟ್ಟು ಬೇರೆ ಏನು ತಗೋತಾ ಇದ್ದೀರಿ?”

“ಏನೂ ಇಲ್ಲ ಡಾಕ್ಟ್ರೇ.”

“ಬೆಳಿಗ್ಗೆ ಅಕ್ಕನ ಕಷಾಯ ಕುಡೀತೀರಲ್ಲ” ಎಂದಳು ಮನೆಯಾಕೆ.

“ಅದು ಔಷಧಿ ಅಲ್ವಲ್ಲ, ಮನೇದು” ಎಂದೆ.

ನಾನು ಬೇಕೆಂದು ಮುಚ್ಚಿಟ್ಟದ್ದಲ್ಲ. ನಿಜವಾಗಿಯೂ ನನ್ನ ಮನಸ್ಸಿನಲ್ಲಿ ಅದು ಲೆಕ್ಕಕ್ಕೇ ಬಂದಿರಲಿಲ್ಲ. ಅಂಗಡಿಯಲ್ಲಿ ಕೊಂಡದ್ದು ಔಷಧಿ, ಹಿತ್ತಲಲ್ಲಿ ಬೆಳೆದದ್ದು ಆಹಾರ. ಡಾಕ್ಟರು ಬೈಯಲಿಲ್ಲ. “ಇದರಿಂದಲೇ ಆಯಿತು ಅಂತ ನಾನು ಹೇಳಲಾರೆ. ಆದರೆ ಇವತ್ತಿನಿಂದ ಅದು ಬಂದ್” ಎಂದರು. ಮೂರು ವಾರಕ್ಕೆ ಎಸ್‌ಜಿಪಿಟಿ 210ಕ್ಕೆ ಇಳಿಯಿತು. ಯುಗಾದಿಯ ಹೊತ್ತಿಗೆ ಮತ್ತೆ 60ರ ಹತ್ತಿರ ಬಂತು.

ಅದೇ ವರ್ಷದ ಜುಲೈಯಲ್ಲಿ ಪೇಪರಿನಲ್ಲಿ ಸುದ್ದಿ ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. ಮುಂಬಯಿಯ ವೈದ್ಯರು 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಇದೇ ಥರ ಲಿವರಿಗೆ ಪೆಟ್ಟಾಗಿ ಬಂದ ಆರು ಜನರ ವಿವರ ಪ್ರಕಟಿಸಿದ್ದರು. ಆರೂ ಜನ ಅಮೃತಬಳ್ಳಿ ತೆಗೆದುಕೊಂಡವರು. ಮುಂದಿನ ವರ್ಷ ದೇಶದ 13 ಆಸ್ಪತ್ರೆಗಳಿಂದ ಅಂಥ 43 ಜನರ ವರದಿ ಬಂತು. ಈ ಬಳ್ಳಿ ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತದೆ, ಕೆಲವರಲ್ಲಿ ಆ ರಕ್ಷಣಾ ವ್ಯವಸ್ಥೆ ತಮ್ಮದೇ ಲಿವರಿನ ಮೇಲೆ ತಿರುಗಿ ಬೀಳುತ್ತದೆ ಎಂಬುದು ಅವರ ವಿವರಣೆ. ಯಾವ ಗುಣಕ್ಕಾಗಿ ಕುಡಿದೆವೋ ಅದೇ ಗುಣ! ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಇವರು ಗಿಡವನ್ನು ಸರಿಯಾಗಿ ಗುರುತಿಸಿಲ್ಲ, ಅದೇ ಜಾತಿಯ ಟಿನೊಸ್ಪೊರ ಕ್ರಿಸ್ಪಾ ಎಂಬ ಇನ್ನೊಂದು ಬಳ್ಳಿ ಇರಬಹುದು ಎಂದಿತು. ಗಿಡ ಗುರುತಿಸಬೇಕು ಎನ್ನುವ ಆಕ್ಷೇಪ ವಿಜ್ಞಾನದ ದೃಷ್ಟಿಯಿಂದ ಸರಿಯಾದದ್ದೇ. ನಾನು ಅಕ್ಕನ ಹಿತ್ತಲಿಗೆ ಹೋಗಿ ನೋಡಿದೆ. ನನಗೆ ತಿಳಿದ ಮಟ್ಟಿಗೆ ಅದು ಅಸಲಿ ಅಮೃತಬಳ್ಳಿಯೇ. ಆದರೆ ನನ್ನ ಬಿಎಸ್ಸಿ ಸಸ್ಯಶಾಸ್ತ್ರವನ್ನು ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳುವಷ್ಟು ನಂಬುವುದಿಲ್ಲ. ಸಾವಿರಾರು ಜನ ಕುಡಿದು ಏನೂ ಆಗದೆ ಇದ್ದಾರೆ ಎನ್ನುವುದೂ ನಿಜ. ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳುವ ದಾರಿಯಿಲ್ಲ, ಅದೇ ತೊಡಕು.

ಅಕ್ಕನಿಗೆ ಹೇಳುವುದು ಹೇಗೆ? ‘ಪಥ್ಯ ಹೇಳಿದ್ದಾರೆ’ ಎಂದು ಆರು ತಿಂಗಳು ತಳ್ಳಿದ್ದೆ. ಪೇಪರು ಓದಿದ ಮೇಲೆ ಒಂದು ಭಾನುವಾರ ಹೋಗಿ ಹೇಳಿಯೇಬಿಟ್ಟೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುವುದು ನಿಂತಿತು.

“ಅಂದ್ರೆ, ನಾನು ನಿಂಗೆ ವಿಷ ಹಾಕ್ದೆ ಅಂತೀಯೇನೋ?”

“ಹಂಗಲ್ಲ ಅಕ್ಕ...”

“ಅನುಮಾನ ಇದ್ರೆ ಇನ್ನೊಂದ್ಸಲ ಕುಡಿದು ನೋಡು. ನಿಮ್ಮ ಶಾಲೇಲಿ ಎರಡು ಸಲ ಪ್ರಯೋಗ ಮಾಡಿ ನೋಡ್ತೀರಂತಲ್ಲ.”

ಎಂಥ ಮಾತು ನೋಡಿ! ವಿಜ್ಞಾನದ ದೃಷ್ಟಿಯಲ್ಲಿ ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಬಿಟ್ಟಾಗ ಇಳಿದದ್ದು, ಮತ್ತೆ ಕುಡಿದಾಗ ಏರಿದರೆ ಅನುಮಾನವೇ ಇರುವುದಿಲ್ಲ. ಆದರೆ ಆ ಪ್ರಯೋಗ ಮಾಡಿಕೊಳ್ಳುವ ಧೈರ್ಯ ನನಗಿರಲಿಲ್ಲ, ಎರಡನೆಯ ಸಲದ ಪೆಟ್ಟು ಮೊದಲಿನದಕ್ಕಿಂತ ಜೋರಾಗಿರಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು. ಅದನ್ನು ಹೇಳಿದೆ. ಅಕ್ಕ ಮಾತಾಡಲಿಲ್ಲ. ಕಾಫಿ ಕೊಟ್ಟಳು, ಕೊಟ್ಟ ರೀತಿಯಲ್ಲೇ ಎಲ್ಲ ತಿಳಿಯಿತು. ಎರಡು ತಿಂಗಳು ಫೋನಿಲ್ಲ.

ಆ ಹದಿನೆಂಟು ಮನೆಗಳಿಗೂ ಹೋದೆ. ಇದು ಇನ್ನೂ ಕಷ್ಟದ ಕೆಲಸ. ಹೆಚ್ಚಿನವರು ತುಂಡನ್ನು ಹಿತ್ತಲಲ್ಲಿ ನೆಟ್ಟಿದ್ದರು, ಕೋಳಿ ಕೆದಕಿ ಹಾಕಿತ್ತು. ಮೂರು ಮನೆಯಲ್ಲಿ ಕುಡಿಯುತ್ತಿದ್ದರು, ಯಾರಿಗೂ ಏನೂ ಆಗಿರಲಿಲ್ಲ, ದೇವರ ದಯೆ. ಒಬ್ಬ ಹುಡುಗನ ಅಪ್ಪ, “ಕುಡೀರಿ ಅಂದಿದ್ದೂ ಮೇಷ್ಟ್ರೇ, ಬೇಡ ಅನ್ನೋದೂ ಮೇಷ್ಟ್ರೇ. ನಾವು ಯಾವ ಮೇಷ್ಟ್ರ ಮಾತು ಕೇಳ್ಬೇಕು ಸಾರ್?” ಎಂದ. ನಗುತ್ತಲೇ ಹೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಅಕ್ಕನನ್ನು ಒಬ್ಬಳನ್ನೇ ದೂರಿ ಫಲವಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಪದವಿ ಪಡೆದ ಹನ್ನೊಂದು ಮಂದಿ ಇದ್ದೇವೆ. ನನ್ನ ಕಾಮಾಲೆಯ ಸುದ್ದಿ ಹಬ್ಬಿದ ವಾರದಲ್ಲೇ ನನ್ನ ಮೇಜಿನ ಮೇಲೆ ಎರಡು ಡಬ್ಬಿ ಬಂದಿದ್ದವು. ಒಂದು ಅರಿಶಿನದ ಗುಳಿಗೆ, ಕರಿಮೆಣಸಿನ ಸತ್ವ ಸೇರಿಸಿದ್ದು. ಅರಿಶಿನದ ಸಾರ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಮೆಣಸಿನ ಪೈಪರಿನ್ ಜೊತೆಗಿದ್ದರೆ ಅದು ಇಪ್ಪತ್ತು ಪಟ್ಟು ಏರುತ್ತದೆ ಎಂದು 1998ರಲ್ಲಿ ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಅದನ್ನೇ ಹಿಡಿದು ಜಗತ್ತಿನಾದ್ಯಂತ ಗುಳಿಗೆ ಮಾಡಿ ಮಾರುತ್ತಾರೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಈ ಗುಳಿಗೆಗೂ ಹೆಸರೊಂದೇ ಸಮಾನ. ಅರಿಶಿನದ ಗುಳಿಗೆಯಿಂದ ಲಿವರಿಗೆ ಪೆಟ್ಟಾದ ಹತ್ತು ಜನರ ವರದಿ 2022ರಲ್ಲಿ ಅಮೆರಿಕದಿಂದ ಬಂತು, ಅವರಲ್ಲಿ ಒಬ್ಬರು ತೀರಿಕೊಂಡಿದ್ದರು.

ಎರಡನೆಯ ಡಬ್ಬಿ ಸಿಲಿಮರಿನ್. ಯೂರೋಪಿನ ಮುಳ್ಳುಗಿಡವೊಂದರ ಬೀಜದ ಸಾರ. ಇದರಿಂದ ಹಾನಿಯ ಸುದ್ದಿ ಅಷ್ಟಾಗಿ ಇಲ್ಲ, ಡಾಕ್ಟರುಗಳೂ ಬರೆಯುತ್ತಾರೆ. ಮಲೇಷ್ಯಾದಲ್ಲಿ ಕೊಬ್ಬಿನ ಲಿವರ್ ಊದಿಕೊಂಡಿದ್ದ 99 ಜನರ ಮೇಲೆ 48 ವಾರ ಪ್ರಯೋಗ ನಡೆಸಿ 2017ರಲ್ಲಿ ಫಲ ಪ್ರಕಟಿಸಿದರು. ಸಿಲಿಮರಿನ್ ತಿಂದವರಲ್ಲಿ ನೂರಕ್ಕೆ 33, ಸುಳ್ಳು ಗುಳಿಗೆ ತಿಂದವರಲ್ಲಿ ನೂರಕ್ಕೆ 26 ಮಂದಿಗೆ, ಅಂದುಕೊಂಡ ಮಟ್ಟಿಗೆ ಗುಣ ಕಂಡಿತು. ಆ ಏಳರ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. ನನಗೆ ಇದರಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಆ 26. ಏನೂ ತಿನ್ನದೆ ಗುಣ ಕಂಡವರು! ಸುಳ್ಳು ಗುಳಿಗೆಯವರನ್ನು ಪಕ್ಕದಲ್ಲಿ ಇಟ್ಟುಕೊಳ್ಳದಿದ್ದರೆ ಆ ಕೀರ್ತಿಯೂ ಗಿಡಕ್ಕೇ ಹೋಗುತ್ತಿತ್ತು. ಎರಡೂ ಡಬ್ಬಿಯನ್ನು ಗೆಳೆಯರಿಗೆ ವಾಪಸು ಕೊಟ್ಟೆ.

ಇನ್ನು ಉಳಿದದ್ದು ಕಾಲು.

ನಮ್ಮೂರ ಕೆರೆ ಏರಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೂಕಾಲು ಕಿಲೋಮೀಟರು. ಮೊದಲ ದಿನ ಅರ್ಧಕ್ಕೇ ತೂಬಿನ ಕಲ್ಲಿನ ಮೇಲೆ ಕುಳಿತೆ. ಜೊತೆಗೆ ಒಂದು ಅವಾಂತರ. ನಾನು ನುಂಗುವ ಎರಡು ಶುಗರ್ ಮಾತ್ರೆಗಳಲ್ಲಿ ಒಂದು ಇನ್ಸುಲಿನ್ನನ್ನು ಹಿಂಡಿ ಹೊರಡಿಸುವಂಥದು. ಅದನ್ನು ನುಂಗಿ, ತಿಂಡಿ ತಿನ್ನದೆ ಏರಿಯ ಮೇಲೆ ಬಿರುಸಾಗಿ ನಡೆದೆ. ಕೈ ನಡುಕ, ತಣ್ಣನೆ ಬೆವರು, ಕಣ್ಣಿಗೆ ಕತ್ತಲು. ದನ ಮೇಯಿಸುತ್ತಿದ್ದ ಹುಡುಗ ತನ್ನ ಬುತ್ತಿಯ ಬೆಲ್ಲ ಕೊಟ್ಟ. ಶುಗರಿನವನ ಪ್ರಾಣ ಬೆಲ್ಲದಿಂದ ಉಳಿಯಿತು. ಅಂದಿನಿಂದ ಡಾಕ್ಟರ ಮಾತಿನಂತೆ ಮಾತ್ರೆಯ ಹೊತ್ತು ಬದಲಾಯಿತು, ಜೇಬಿನಲ್ಲಿ ಬೆಲ್ಲದ ಚೂರು ಇರುತ್ತದೆ. ಈ ಮಾತ್ರೆ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ನಡಿಗೆ ಶುರುಮಾಡುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ನಡೆದರೆ ಲಿವರಿಗೆ ಏನಾಗುತ್ತದೆ? ತೊಡೆ, ಮೀನಖಂಡದ ಸ್ನಾಯುಗಳು ಕೆಲಸ ಮಾಡುವಾಗ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಲಿವರಿನ ದಾಸ್ತಾನು ಸುಮಾರು ನೂರು ಗ್ರಾಂ ಗ್ಲೈಕೊಜನ್ ಮಾತ್ರ, ಸ್ನಾಯುಗಳದು ಅದರ ನಾಲ್ಕು ಪಟ್ಟು. ಆ ಉಗ್ರಾಣ ಖಾಲಿಯಾಗುತ್ತಿದ್ದರೆ ಉಂಡ ಸಕ್ಕರೆ ಅಲ್ಲಿ ಹೋಗಿ ತುಂಬಿಕೊಳ್ಳುತ್ತದೆ. ನಾವು ಕುರ್ಚಿ ಬಿಟ್ಟು ಏಳದಿದ್ದರೆ ಅದು ಸದಾ ಭರ್ತಿ, ಹೆಚ್ಚಾದ ಸಕ್ಕರೆ ಲಿವರಿನಲ್ಲಿ ಕೊಬ್ಬಾಗುತ್ತದೆ. ಸಿಡ್ನಿಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಕುಳಿತೇ ಇರುತ್ತಿದ್ದ ದಪ್ಪ ಮೈಯವರಿಗೆ ನಾಲ್ಕು ವಾರ, ವಾರಕ್ಕೆ ಮೂರು ದಿನ ಸೈಕಲ್ ತುಳಿಸಿದರು. ತೂಕ ಇಳಿಯಲಿಲ್ಲ. ಆದರೆ ಲಿವರಿನ ಕೊಬ್ಬು ನೂರಕ್ಕೆ 21ರಷ್ಟು ಇಳಿದಿತ್ತು. ತೂಕದ ಮಶಿನ್ನಿನ ಮೇಲೆ ನಿಂತು ‘ಏನೂ ಇಳಿದಿಲ್ಲ’ ಎಂದು ನಡಿಗೆ ಬಿಟ್ಟವರು ಇದನ್ನು ಗಮನಿಸಬೇಕು.

ತೂಕ ಇಳಿದರೆ ಇನ್ನೂ ಒಳ್ಳೆಯದು. ಕ್ಯೂಬಾದಲ್ಲಿ 293 ಜನರಿಗೆ ಒಂದು ವರ್ಷ ಊಟ ತಿದ್ದಿ, ನಡೆಸಿ, ಮೊದಲೂ ಕೊನೆಗೂ ಲಿವರಿನ ಚೂರು ತೆಗೆದು ನೋಡಿದರು. 2015ರಲ್ಲಿ ಬಂದ ವರದಿ. ಮೈತೂಕದ ಹತ್ತನೆಯ ಒಂದು ಭಾಗವನ್ನಾದರೂ ಕಳೆದುಕೊಂಡವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ಲಿವರ್ ಊತ ಹೋಗಿತ್ತು, ಸುಮಾರು ಅರ್ಧ ಮಂದಿಯಲ್ಲಿ ಕಲೆಗಟ್ಟಿದ ಗಾಯವೂ ಹಿಂಜರಿದಿತ್ತು. ಅಷ್ಟು ಕಳೆದುಕೊಂಡವರು ಎಷ್ಟು ಜನ ಗೊತ್ತೇ? 29. ಉಳಿದವರೆಲ್ಲ ನನ್ನ ಹಾಗೆ, ಐದನೆಯ ದಿನ ಮಳೆ ಬಂದವರು. ಲಿವರ್ ಗಾಯದ ಹಂತಕ್ಕೆ ಹೋದವರಿಗೆಂದು 2024ರಲ್ಲಿ ಅಮೆರಿಕ ಮೊದಲ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಅದನ್ನೂ ಊಟ, ವ್ಯಾಯಾಮದ ಜೊತೆಗೇ ಕೊಡಬೇಕು ಎಂದು ಹೇಳಿಯೇ ಕೊಟ್ಟದ್ದು.

ನಾನು ಎರಡು ವರ್ಷದಲ್ಲಿ 78ರಿಂದ 71ಕ್ಕೆ ಬಂದೆ. ಬೆಳಿಗ್ಗೆ ಏರಿಯ ಮೇಲೆ ಎರಡು ಸಲ ಹೋಗಿ ಬರುವುದು, ರಾತ್ರಿ ಊಟವಾದ ಮೇಲೆ ಬೀದಿಯಲ್ಲಿ ಕಾಲು ಗಂಟೆ. ಮುದ್ದೆ ಎರಡರಿಂದ ಒಂದಾಯಿತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 8.4 ಇದ್ದದ್ದು 6.9. ಎಸ್‌ಜಿಪಿಟಿ 34. ಸ್ಕ್ಯಾನಿಂಗಿನಲ್ಲಿ ಗ್ರೇಡ್ 1. ಬೆಳಗಿನ ಬರಿಹೊಟ್ಟೆಯ ಶುಗರು ಮಾತ್ರ ಈಗಲೂ ಒಮ್ಮೊಮ್ಮೆ 130 ದಾಟಿ ನನ್ನನ್ನು ರೇಗಿಸುತ್ತದೆ. ಮೊಣಕಾಲು ನೋವು ಹೊಸದಾಗಿ ಬಂದ ಬಳಗ.

ಅಕ್ಕ ಮಾತು ಬಿಟ್ಟವಳು ಗೌರಿ ಹಬ್ಬಕ್ಕೆ ಬಾಗಿನ ಒಯ್ದಾಗ ಮಾತಾಡಿಸಿದಳು. ಅಮೃತಬಳ್ಳಿಯ ಸುದ್ದಿ ಇಬ್ಬರೂ ಎತ್ತಲಿಲ್ಲ. ಹೋದ ವರ್ಷ ಅವಳಿಗೂ ಶುಗರು ಎಂದು ಗೊತ್ತಾಯಿತು, ನಾನೇ ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಅದೇ ಪ್ರಶ್ನೆ ಕೇಳಿದರು. “ಅಮ್ಮಾ, ಬೇರೆ ಏನಾದ್ರೂ ತಗೋತಾ ಇದ್ದೀರಾ?”

ಅಕ್ಕ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಅವಳು ಎಲೆಅಡಿಕೆ ಚೀಲದ ದಾರ ಬಿಚ್ಚಿ ಒಳಗಿಂದ ಒಂದು ಕಾಗದದ ಪೊಟ್ಟಣ, ಒಂದು ಹೆಸರಿಲ್ಲದ ಬಾಟಲಿ, ಮಂಡಿ ನೋವಿಗೆಂದು ಯಾರೋ ಕೊಟ್ಟ ಕಪ್ಪು ಗುಳಿಗೆ ಆರು, ಎಲ್ಲವನ್ನೂ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

“ಇವಿಷ್ಟು. ಒಂದು ಮನೇಲೈತೆ, ಅದನ್ನ ನಾಳೆ ಇವನ ಕೈಲಿ ಕಳಿಸ್ತೀನಿ” ಎಂದಳು.